ಸ್ಫಟಿಕವೊ, ಗಾಜೊ?



ಕನ್ನಡ ಪಂಡಿತನಿಗೂ ಕಿವಿಯೋಲೆಯ ವ್ಯಾಪಾರಕ್ಕೂ ಏನು ಸಂಬಂಧವೆಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಬಿಡಿಸಿ ತೋರಿಸುವುದನ್ನುಳಿದು ಬೇರೊಂದು ಕಸುಬನ್ನು ನಾನು ಕಂಡವನಲ್ಲ. ನನ್ನನ್ನು ಸಂತೆಗೆ ಕಳುಹಿಸಿದರೆ ಕೊಂಡ ಬೆಲೆಗಿಂತ ಕಡಿಮೆಗೆ ತೆಂಗಿನಕಾಯಿ ಮಾರಿ ಬಂದೇನೆಂಬುದು ನಮ್ಮ ಮನೆಯವರ ಅಭಿಪ್ರಾಯ; ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಹೀಗಿದ್ದೂ ಒಂದು ಭಾನುವಾರ ಬೆಳಗ್ಗೆ ನನ್ನ ಹಳೆಯ ಶಿಷ್ಯೆಯೊಬ್ಬಳು ಎರಡು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಬಂದು ನಮ್ಮ ಜಗಲಿಯ ಮೇಲೆ ಇಳಿಸಿ, "ಮೇಷ್ಟ್ರೆ, ನೀವು ನಾಲ್ಕು ಸಾಲು ಬರೆದುಕೊಡಬೇಕು. ಇಲ್ಲದಿದ್ದರೆ ನನ್ನ ಅಂಗಡಿ ಮುಚ್ಚಿತು" ಎಂದಳು.

ಅವಳ ಅಂಗಡಿಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಮಣಿಗಳನ್ನು ಪೋಣಿಸಿ ಸರ, ಓಲೆ, ಬಳೆಗಳನ್ನು ಮಾಡುತ್ತಾಳೆ. ಚನ್ನಪಟ್ಟಣದಿಂದಲೂ ಕೊಪ್ಪಳದ ಹತ್ತಿರದ ಕಿನ್ನಾಳದಿಂದಲೂ ಗೊಂಬೆಗಳನ್ನು ತರಿಸುತ್ತಾಳೆ. ಅವುಗಳ ಚಿತ್ರ ತೆಗೆದು, ಬೆಲೆ ಬರೆದು, ಅಂತರಜಾಲದ ಪೇಟೆಯೊಂದರಲ್ಲಿ ಇಡುತ್ತಾಳೆ. ಕೊಳ್ಳುವವನು ಬೀದರಿನಲ್ಲಿರಬಹುದು, ಕಾರವಾರದಲ್ಲಿರಬಹುದು. ಅವಳು ಅವನನ್ನು ಕಾಣಳು, ಅವನು ಅವಳನ್ನು ಕಾಣನು. ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮಗನ ಶಾಲೆಯ ಫೀಜು, ಮನೆಯ ಬಾಡಿಗೆ ಎರಡೂ ಈ ಮಣಿಸರದ ಮೇಲೆಯೇ ನಿಂತಿವೆ.

ಅಂದು ಅವಳು ತಂದಿದ್ದ ಒಂದು ಪೆಟ್ಟಿಗೆಯಲ್ಲಿದ್ದವು ಮಾರಿದ ಸರಕಲ್ಲ, ತಿರುಗಿ ಬಂದ ಸರಕು. ಒಂದೇ ತಿಂಗಳಲ್ಲಿ ಒಂಬತ್ತು ಪೊಟ್ಟಣಗಳು ಹಿಂದಿರುಗಿದ್ದುವು. ಹೋಗುವ ಸಾಗಣೆ, ಬರುವ ಸಾಗಣೆ, ಪೇಟೆಯವರ ದಲ್ಲಾಳಿ ಎಲ್ಲ ಅವಳ ಲೆಕ್ಕಕ್ಕೇ ಬಿದ್ದು, ತಿಂಗಳ ಕೊನೆಯಲ್ಲಿ ಉಳಿದ ಹಣ ನನ್ನ ಮನೆಯ ಹಾಲಿನ ಬಾಬತ್ತಿಗೂ ಸಾಲದಷ್ಟು. ಇದೇ ರೀತಿ ಮುಂದುವರಿದರೆ ನಿಮ್ಮ ಖಾತೆಯನ್ನು ತಡೆಹಿಡಿಯಬೇಕಾದೀತೆಂದು ಪೇಟೆಯವರ ಎಚ್ಚರಿಕೆಯೂ ಬಂದಿತ್ತು.

ಅವುಗಳಲ್ಲಿ ಒಂದು 108 ಮಣಿಗಳ ಜಪಸರ. ಕೊಂಡವರು ಹುಬ್ಬಳ್ಳಿಯವರು. ಐದು ನಕ್ಷತ್ರಗಳಲ್ಲಿ ಒಂದನ್ನು ಮಾತ್ರ ಕೊಟ್ಟು, ಕೆಳಗೆ ಕನ್ನಡದಲ್ಲಿಯೇ ಬರೆದಿದ್ದರು. ತಾಯಿಗೆ ಎಂಬತ್ತು ತುಂಬಿದ ದಿನ ಕೊಡಲೆಂದು ತರಿಸಿದ್ದಂತೆ. ಆ ವೃದ್ಧೆ ಸರವನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡು, "ಇದು ಸ್ಫಟಿಕ ಅಲ್ಲಪಾ, ಗಾಜು. ತಂಪಿಲ್ಲ" ಎಂದು ಮಗನ ಕೈಗೆ ಹಿಂದಕ್ಕೆ ಕೊಟ್ಟರಂತೆ. ಮಗ ಬಯ್ದಿರಲಿಲ್ಲ, ನಡೆದದ್ದನ್ನು ಬರೆದಿದ್ದರು, ಅಷ್ಟೆ. ನನ್ನ ಶಿಷ್ಯೆ ಅದನ್ನು ಓದಿ ಎರಡು ದಿನ ಊಟ ಬಿಟ್ಟಿದ್ದಳು.

"ನಾನು ಸುಳ್ಳು ಹೇಳಲಿಲ್ಲ ಮೇಷ್ಟ್ರೆ. ಬೆಂಗಳೂರಿನ ಸಗಟು ಅಂಗಡಿಯವರು ಕ್ರಿಸ್ಟಲ್ ಅಂತಲೇ ಕೊಟ್ಟರು. ನಾನೂ ಅಪ್ಪಟ ಕ್ರಿಸ್ಟಲ್ ಅಂತ ಬರೆದೆ" ಎಂದಳು.

ಅವಳು ಸುಳ್ಳು ಹೇಳಿರಲಿಲ್ಲವೆಂಬುದು ನಿಜ. ಇಲ್ಲಿ ತಪ್ಪು ಸೇರಿಕೊಂಡದ್ದು ಒಂದು ಪದದೊಳಗೆ. ಪದದ ತಪ್ಪಾದುದರಿಂದ ಅದು ನನ್ನಂಥವನ ಜಗಲಿಗೆ ಬಂದದ್ದು ಸರಿಯೇ ಆಯಿತು.

ಆ ಪದದ ಕತೆಯನ್ನು ಕೇಳಿ. ಗ್ರೀಕರ ಭಾಷೆಯಲ್ಲಿ 'ಕ್ರುಸ್ಟಲ್ಲೋಸ್' ಎಂದರೆ ಮಂಜುಗೆಡ್ಡೆ. ಬೆಟ್ಟದ ಬಂಡೆಗಳ ನಡುವೆ ಸಿಕ್ಕುವ ತಿಳಿಯಾದ ಸ್ಫಟಿಕದ ಕಲ್ಲನ್ನು ಕಂಡು, ಇದು ಮತ್ತೆ ಕರಗಲಾರದಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರು ಎಂದು ಹಿಂದಿನವರು ಎಣಿಸಿದ್ದರು. ಕೆನ್ನೆಗೆ ಹಿಡಿದರೆ ತಂಪಾಗುವ ಕಲ್ಲಲ್ಲವೆ! ಮುಂದೆ 1670ರ ದಶಕದಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬಾತನು ಗಾಜಿನ ಪಾಕಕ್ಕೆ ಸೀಸದ ಭಸ್ಮವನ್ನು ಬೆರೆಸಿ, ತೂಕವೂ ಮಿನುಗೂ ಹೆಚ್ಚಾದ ಗಾಜನ್ನು ಮಾಡಿದನು. ಕಲ್ಲಿನಂತೆ ತಿಳಿಯಾಗಿದ್ದ ಅಂಥ ಗಾಜಿಗೆ ಕಲ್ಲಿನ ಹೆಸರೇ ಅಂಟಿಕೊಂಡಿತು. 1969ರಲ್ಲಿ ಯೂರೋಪಿನ ರಾಷ್ಟ್ರಗಳು ಇದಕ್ಕೆ ಒಂದು ಕಟ್ಟಳೆಯನ್ನೇ ಮಾಡಿ, ನೂರಕ್ಕೆ 24 ಪಾಲು ಸೀಸದ ಆಕ್ಸೈಡ್ ಇದ್ದರೆ ಮಾತ್ರ 'ಸೀಸದ ಕ್ರಿಸ್ಟಲ್' ಎನ್ನಬಹುದೆಂದು ಗೊತ್ತುಪಡಿಸಿದುವು. ಆದುದರಿಂದ ವ್ಯಾಪಾರದ ಭಾಷೆಯಲ್ಲಿ ಕ್ರಿಸ್ಟಲ್ ಎಂದರೆ ಒಳ್ಳೆಯ ಗಾಜು. ಹುಬ್ಬಳ್ಳಿಯ ಆ ತಾಯಿಯ ಭಾಷೆಯಲ್ಲಿ ಅದು ಕಲ್ಲು. ಸಗಟು ಅಂಗಡಿಯವರು ಒಂದನ್ನು ಹೇಳಿದರು, ಆಕೆ ಇನ್ನೊಂದನ್ನು ಕೇಳಿದರು. ನಡುವೆ ನಿಂತ ನನ್ನ ಶಿಷ್ಯೆಗೆ ಪೆಟ್ಟು ಬಿತ್ತು.

ಗಾಜೆಂದರೆ ಕೀಳು ಎಂದು ನಾನು ಹೇಳಲಾರೆ. ಬೊಹೀಮಿಯದಲ್ಲಿ ಹುಟ್ಟಿದ ಡೇನಿಯಲ್ ಸ್ವರೋವ್‌ಸ್ಕಿ ಎಂಬಾತನು ಗಾಜನ್ನು ಮುಖಮುಖವಾಗಿ ಸಾಣೆ ಹಿಡಿಯುವ ಯಂತ್ರವನ್ನು ಕಟ್ಟಿ, 1895ರಲ್ಲಿ ಆಸ್ಟ್ರಿಯದ ಟಿರೋಲ್ ಪ್ರಾಂತದ ವಾಟೆನ್ಸ್ ಎಂಬ ಊರಿನಲ್ಲಿ ಕಾರ್ಖಾನೆ ತೆರೆದನು. ಆ ಹೆಸರಿನ ಮಣಿಗಳನ್ನು ಇಂದು ಲೋಕವೆಲ್ಲ ಬಲ್ಲದು, ಅವೂ ಗಾಜೇ. 1976ರಲ್ಲಿ ತೂಗುದೀಪದ ಹರಳುಗಳನ್ನು ಜೋಡಿಸಿ ಅಲ್ಲಿ ಮಾಡಿದ ಒಂದು ಪುಟ್ಟ ಇಲಿಯಿಂದ ಗಾಜಿನ ಗೊಂಬೆಗಳ ದೊಡ್ಡ ಪರಂಪರೆಯೇ ಹೊರಟಿತು. 1987ರಲ್ಲಿ ಅವನ್ನು ಕೂಡಿಡುವವರ ಸಂಘವೂ ಆಯಿತು. ಸಂಘದವರಿಗೆಂದೇ ವರ್ಷಕ್ಕೊಂದು ಗೊಂಬೆ, ಆ ವರ್ಷ ಕಳೆದರೆ ಮತ್ತೆ ಮಾಡುವುದಿಲ್ಲ. ಇಂಥ ಗೊಂಬೆಗಳು ಈಗ ಅಂತರಜಾಲದ ಪೇಟೆಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಕೊಳ್ಳುವವರು ಗೊಂಬೆಯ ಅಡಿಯಲ್ಲಿರುವ ಗುರುತನ್ನು ಕೇಳುತ್ತಾರೆ. ಹಳೆಯದಕ್ಕೆ ಆಲ್ಪ್ಸ್ ಬೆಟ್ಟದ ಹೂವಿನ ಗುರುತು, 1980ರ ದಶಕದ ಕೊನೆಯಿಂದ ಈಚಿನದಕ್ಕೆ ಹಂಸದ ಗುರುತು. ಮೂಲ ಪೆಟ್ಟಿಗೆಯಿದೆಯೆ, ಜೊತೆಯ ಕಾಗದವಿದೆಯೆ, ಕಿವಿಯ ತುದಿ ಮುಕ್ಕಾಗಿದೆಯೆ ಎಂದು ವಿಚಾರಿಸುತ್ತಾರೆ. ನಮ್ಮಲ್ಲಿ ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದು ಅಪರೂಪ.

ಮುಕ್ಕಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಮೆರಿಕದ ಪಿಯರ್ ಒಮಿಡ್ಯಾರ್ ಎಂಬ ತರುಣನು 1995ರ ಸೆಪ್ಟೆಂಬರಿನಲ್ಲಿ ತೆರೆದ ಹರಾಜಿನ ತಾಣವೇ ಮುಂದೆ ಈಬೇ ಎಂದು ಹೆಸರಾದದ್ದು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಕಡ್ಡಿ, ಉಪನ್ಯಾಸಕಾರರು ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳಿಸುತ್ತಾರಲ್ಲ, ಅದು. 14 ಡಾಲರು 83 ಸೆಂಟುಗಳಿಗೆ ಹೋಯಿತು. ಇದು ಕೆಟ್ಟಿದೆಯೆಂದು ನಿಮಗೆ ಗೊತ್ತಷ್ಟೆ ಎಂದು ಒಮಿಡ್ಯಾರನು ಕೊಂಡವನನ್ನು ಕೇಳಿದರೆ, ಕೆಟ್ಟ ಲೇಸರ್ ಕಡ್ಡಿಗಳನ್ನೇ ನಾನು ಕೂಡಿಡುವವನು ಎಂದು ಉತ್ತರ ಬಂದಿತಂತೆ! ಇಷ್ಟು ಸೊಗಸಾದ ಘಟನೆ ಕೈಯಲ್ಲಿದ್ದರೂ ಆ ಸಂಸ್ಥೆಯ ಪ್ರಚಾರದವರು ಅದನ್ನು ಬಿಟ್ಟು, ಒಮಿಡ್ಯಾರನ ಭಾವೀ ಪತ್ನಿಯ ಮಿಠಾಯಿ ಡಬ್ಬಿಗಳ ಸಂಗ್ರಹಕ್ಕಾಗಿಯೇ ಈ ತಾಣ ಹುಟ್ಟಿತೆಂಬ ಕತೆಯನ್ನು ಪತ್ರಿಕೆಗಳಿಗೆ ಹೇಳಿದರು. ಅದು ಕಟ್ಟುಕತೆಯೆಂದು ಆಮೇಲೆ ತಿಳಿದುಬಂತು. ನಿಜಕ್ಕೆ ಗಿರಾಕಿ ಸಿಕ್ಕುವುದಿಲ್ಲವೆಂಬ ಅಂಜಿಕೆ ಮಾರುವವರಿಗೆ ಎಲ್ಲೆಲ್ಲಿಯೂ ಒಂದೇ.

ನನ್ನ ಶಿಷ್ಯೆಗೂ ಅದೇ ಅಂಜಿಕೆ. "ಗಾಜು ಅಂತ ಬರೆದರೆ ಯಾರು ತೊಗೋತಾರೆ ಮೇಷ್ಟ್ರೆ?" ಎಂದಳು. ನಾನು ಅವಳಿಗೆ ಬಳೆಗಾರನನ್ನು ನೆನಪು ಮಾಡಿದೆ. ಗಾಜಿನ ಬಳೆಯೆಂದೇ ಕೂಗಿ ಮಾರಿಕೊಂಡು ಬಂದವನಿಂದ ನಮ್ಮ ತಾಯಂದಿರು ತಲೆತಲಾಂತರದಿಂದ ಬಳೆ ತೊಟ್ಟಿಲ್ಲವೆ? ಆದರೆ ಬಳೆಗಾರನಿಗೆ ಒಂದು ಅನುಕೂಲವಿತ್ತು: ಕೈ ಹಿಡಿದು, ಅಳತೆ ನೋಡಿ, ಬೆಳಕಿಗೆ ಹಿಡಿದು ತೋರಿಸಿ ಮಾರುತ್ತಿದ್ದ. ಅಂತರಜಾಲದ ಗಿರಾಕಿ ಮುಟ್ಟಿ ನೋಡಲಾರ, ತೂಗಿ ನೋಡಲಾರ, ಕೆನ್ನೆಗೆ ಹಿಡಿಯಲಾರ. ಅವನ ಕೈ ಮಾಡಬೇಕಾದ ಕೆಲಸವನ್ನೆಲ್ಲ ನಿನ್ನ ನಾಲ್ಕು ಸಾಲು ಮಾಡಬೇಕು ತಾಯಿ, ಎಂದೆ.

ಆ ಭಾನುವಾರವೆಲ್ಲ ಅದರಲ್ಲಿಯೇ ಕಳೆಯಿತು. ಮೊದಲು ಮಣಿಗಳ ಪರೀಕ್ಷೆ. ನಮ್ಮ ವಿಜ್ಞಾನದ ಮೇಷ್ಟರನ್ನು ಕರೆಸಿದೆವು. ಅವರು ಭೂತಗನ್ನಡಿಯೊಡನೆ ಬಂದರು. ಗಾಜಿನಲ್ಲಿ ಒಮ್ಮೊಮ್ಮೆ ಸಾಸಿವೆಗಿಂತ ಸಣ್ಣದಾದ ದುಂಡನೆಯ ಗುಳ್ಳೆಗಳು ಕಾಣುತ್ತವೆ. ಕಲ್ಲಿನಲ್ಲಿ ಗುಳ್ಳೆಯ ಬದಲು ಎಳೆ, ಮೋಡ, ಬಿರುಕಿನ ನೆರಳು. ಕಲ್ಲು ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದಲೇ ಕೆನ್ನೆಗೆ ತಂಪು. ಎಂಬತ್ತರ ಆ ತಾಯಿಯ ಪರೀಕ್ಷೆಗೆ ಶಾಸ್ತ್ರದ ಬೆಂಬಲವಿದೆ ಎಂದಾಯಿತು. ಗಡಸುತನದ ಮೋಸ್ ಮಾನದಲ್ಲಿ ಸ್ಫಟಿಕಕ್ಕೆ 7, ಸಾಮಾನ್ಯ ಗಾಜಿಗೆ ಐದೂವರೆಯ ಆಸುಪಾಸು. ಸ್ಫಟಿಕ ಗಾಜನ್ನು ಗೀರುತ್ತದೆ. ಗೀರಿ ನೋಡಹೋದರೆ ಮಾರುವ ಮಣಿಯೇ ಹಾಳು, ಆದ್ದರಿಂದ ಅದನ್ನು ಕೈಬಿಟ್ಟೆವು.

ಆಮೇಲೆ ಬರವಣಿಗೆ. 'ಅಪ್ಪಟ', 'ಅದ್ಭುತ', 'ರಾಜವೈಭವದ' ಎಂಬ ವಿಶೇಷಣಗಳನ್ನು ಹೊಡೆದುಹಾಕಿದೆ. ಮಕ್ಕಳ ಪ್ರಬಂಧದಲ್ಲಿಯೂ ಮೊದಲು ನಾನು ಹೊಡೆಯುವುದು ಅವನ್ನೇ. ಉಳಿದದ್ದು ಹೀಗೆ: "ಸಾಣೆ ಹಿಡಿದ ಗಾಜಿನ ಮಣಿಗಳ ಸರ. ಗಣಿಯ ಸ್ಫಟಿಕವಲ್ಲ. ಮಣಿಯ ಅಡ್ಡಳತೆ 8 ಮಿಲಿಮೀಟರು, ಸರದ ಉದ್ದ 45 ಸೆಂಟಿಮೀಟರು. ಕೊಂಡಿ ಹಿತ್ತಾಳೆಯದು, ನೀರು ತಗುಲಿದರೆ ಕಂದುತ್ತದೆ." ಕೊನೆಯ ವಾಕ್ಯವನ್ನು ಬರೆಯಲು ಅವಳ ಕೈ ಏಳಲಿಲ್ಲ. ಬರೆಸಿದೆ.

ಗೊಂಬೆಗಳದು ಬೇರೆ ತೊಡಕು. ಚಿತ್ರದಲ್ಲಿ ಮೂರು ಅಂಗುಲದ ಗೊಂಬೆಯೂ ಮಂಟಪದ ದೇವರಂತೆ ನಿಲ್ಲುತ್ತದೆ. ಪೊಟ್ಟಣ ಬಿಚ್ಚಿದವರಿಗೆ ನಿರಾಸೆ. ಹಿಂದಿರುಗಿದ ಒಂಬತ್ತರಲ್ಲಿ ನಾಲ್ಕು ಇದೇ ಕಾರಣದವು. ಈಗ ಗೊಂಬೆಯ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣವನ್ನಿಟ್ಟು ಚಿತ್ರ ತೆಗೆಯುತ್ತಾಳೆ. ಚನ್ನಪಟ್ಟಣದ್ದು ಆಲೆಮರವನ್ನು ಲೇತಿನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಹಿಡಿದು ಹೊಳಪು ಕೊಟ್ಟದ್ದು. ಕಿನ್ನಾಳದ್ದು ಹಗುರ ಮರಕ್ಕೆ ಹುಣಿಸೆಬೀಜದ ಅಂಟಿನಿಂದ ಮೈ ತುಂಬಿ ಬಣ್ಣ ಬರೆದದ್ದು. ಇದನ್ನು ಹೇಳಿದರೆ ಕೊಳ್ಳುವವರಿಗೆ ಬೆಲೆಯ ಅರ್ಥ ತಿಳಿಯುತ್ತದೆ. ಎರಡೂ ಊರಿನ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಉಂಟು. ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರಿಡುವುದು ಕಾನೂನಿಗೆ ವಿರುದ್ಧ.

ಕಾನೂನು ಎಂದೆನಲ್ಲ, ಅದನ್ನಿಷ್ಟು ಮುಗಿಸಿಬಿಡುತ್ತೇನೆ. ಕೊಳ್ಳುವವರಾದ ನಿಮಗೂ ಇದು ಬೇಕು. 2020ರ ಇ-ವಾಣಿಜ್ಯ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ವರ್ಣಿಸಿದಂತಿಲ್ಲದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಮಾರಿದವರು ಹೇಳುವಂತಿಲ್ಲ. ಸರಕು ಯಾವ ದೇಶದಲ್ಲಿ ತಯಾರಾದದ್ದೆಂದು ತಿಳಿಸಬೇಕು. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಇನ್ನು ಮನೆಯಲ್ಲಿಯೇ ಮಾಡಿ ಮಾರುವ ಗೃಹಿಣಿಯರಿಗೆ: 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿದ್ದು ಸ್ವಂತ ರಾಜ್ಯದೊಳಗೆ ಮಾತ್ರ ಸರಕು ಮಾರುವ ಸಣ್ಣ ವ್ಯಾಪಾರಿಗಳು ಜಿ.ಎಸ್.ಟಿ. ನೋಂದಣಿಯಿಲ್ಲದೆ, ಒಂದು ದಾಖಲೆಯ ಸಂಖ್ಯೆಯನ್ನು ಪಡೆದು ಅಂತರಜಾಲದ ಪೇಟೆಗೆ ಇಳಿಯಬಹುದು. ರಾಜ್ಯದ ಗಡಿ ದಾಟಿ ಮಾರುವುದಾದರೆ ನೋಂದಣಿ ಬೇಕು.

ಮುಂದಿನ ತಿಂಗಳು ವ್ಯಾಪಾರ ಇಳಿಯಿತು. ಅದನ್ನು ಮುಚ್ಚಿಡಲಾರೆ. ಅರವತ್ತರ ಜಾಗದಲ್ಲಿ ನಲವತ್ತೊಂದು ಪೊಟ್ಟಣಗಳು ಹೋದುವು. ಶಿಷ್ಯೆಯ ಮುಖ ನೋಡಲು ನನಗೆ ಸಂಕೋಚವಾಗಿತ್ತು. ಪಂಡಿತನ ಮಾತು ಕೇಳಿ ಕೆಟ್ಟಳೆಂಬ ಅಪವಾದ ಬರುವುದೆಂದುಕೊಂಡೆ. ಆದರೆ ತಿರುಗಿ ಬಂದದ್ದು ಎರಡೇ; ಅದರಲ್ಲಿ ಒಂದು ದಾರಿಯಲ್ಲಿ ಒಡೆದದ್ದು. ಎಲ್ಲ ಕಳೆದು ಕೂಡಿದ ಮೇಲೆ ಕೈಗೆ ಸಿಕ್ಕಿದ್ದು ಹಿಂದಿನ ತಿಂಗಳಿಗಿಂತ ಹೆಚ್ಚು. ಖಾತೆಯ ಎಚ್ಚರಿಕೆಯೂ ತೊಲಗಿತು. ಮಗನ ಫೀಜಿನ ಎರಡನೆಯ ಕಂತನ್ನು ಕಟ್ಟಿದಳು.

ಹುಬ್ಬಳ್ಳಿಯವರಿಗೆ ಹಣ ಹಿಂದಿರುಗಿಸಿ, ತನ್ನ ಅರಿವಿನ ಕೊರತೆಯನ್ನು ಒಪ್ಪಿಕೊಂಡು ಒಂದು ಉತ್ತರವನ್ನೂ ಬರೆದಳು. ನಿಜವಾದ ಸ್ಫಟಿಕದ ಸರವನ್ನು ತರಿಸಿಕೊಡೋಣವೆಂದು ವಿಚಾರಿಸಿದರೆ ಅದರ ಬೆಲೆ ಅವಳ ಬಂಡವಾಳಕ್ಕೆ ಎಟುಕುವಂತಿರಲಿಲ್ಲ. ಆ ಒಂದು ನಕ್ಷತ್ರ ಈಗಲೂ ಅವಳ ಅಂಗಡಿಯ ಮೇಲೆ ಹಾಗೆಯೇ ಇದೆ.

ಮೊನ್ನೆ ಮಹಾಲಯ ಅಮಾವಾಸ್ಯೆಗೆ ಮುಂಚೆ ಮತ್ತೆ ಬಂದಳು. ದಸರೆಯ ಗೊಂಬೆಗಳ ನಡುವೆ ಒಂದು ಕಿನ್ನಾಳದ ಜೋಡಿ. ಗಂಡು ಗೊಂಬೆಯ ಪೇಟದ ಅಂಚಿನಲ್ಲಿ ಬಣ್ಣ ಎದ್ದುಹೋಗಿತ್ತು. ನಾನು ಏನೂ ಕೇಳುವ ಮೊದಲೇ ಬರೆದು ತಂದದ್ದನ್ನು ಓದಿದಳು: "ಪೇಟದ ಎಡ ಅಂಚಿನಲ್ಲಿ ತೊಗರಿಕಾಳಿನಷ್ಟು ಬಣ್ಣ ಹೋಗಿದೆ. ಎರಡನೆಯ ಚಿತ್ರ ನೋಡಿ. ಅದಕ್ಕಾಗಿ ಬೆಲೆಯಲ್ಲಿ 100 ರೂಪಾಯಿ ಕಡಿಮೆ." ತಿದ್ದುವುದಕ್ಕೆ ನನಗೆ ಒಂದು ಅಲ್ಪವಿರಾಮವೂ ಸಿಕ್ಕಲಿಲ್ಲ. ಆ ಜೋಡಿ ಮಂಡ್ಯದ ಯಾರದೋ ಮನೆಗೆ ಹೋಯಿತು. ಪಾಡ್ಯದ ದಿನ ಅವರು ತಮ್ಮ ಗೊಂಬೆಗಳ ಮೆಟ್ಟಿಲಿನ ಚಿತ್ರವೊಂದನ್ನು ಅವಳಿಗೆ ಕಳುಹಿಸಿದ್ದರು. ಪೇಟದ ಆ ಬದಿಗೆ ಒಂದು ಸೇವಂತಿಗೆ ಹೂವನ್ನು ಸಿಕ್ಕಿಸಿದ್ದರು.