ನಗರದ ಬಾವಿಯ ಬಾಣಗಳು

ಗಂಗಾಧರೇಶ್ವರನ ಸನ್ನಿಧಿಯಲ್ಲಿ ಅಭಿಷೇಕದ ತುಪ್ಪ ಬೆಣ್ಣೆಯಂತಾಗುವುದನ್ನು ನೋಡುತ್ತ ಬೆಳೆದವರು ನೀವು. ಪದಾರ್ಥವೊಂದು ರೂಪ ಬದಲಿಸಿ ಕೂತರೆ ಅದರ ಮೂಲ ಕೇಳಬೇಕೆಂದು ನಿಮಗೆ ಹೇಳಬೇಕಾಗಿಲ್ಲ.

ಮೂಲ ತಿಳಿಯಲು ಗುರುತು ಬೇಕು. ಸಮುದ್ರದಿಂದ ಮೇಲೆತ್ತಿದ ಹಳೆಯ ಟಾರ್ಪಿಡೊ ಎಷ್ಟೇ ತುಕ್ಕು ಹಿಡಿದಿರಲಿ, ಬಾಲದ ಪ್ರೊಪೆಲರೋ ಲೋಹದ ಮೇಲೆ ಒತ್ತಿದ ಅಂಕಿಯೋ ಉಳಿದಿದ್ದರೆ ಗುರುತು ಹತ್ತುತ್ತದೆ. ಆದರೆ ಹೈದರ್ ಅಲಿ ಮತ್ತು ಅವನ ಮಗ ಟಿಪ್ಪುವಿನ ಕಾಲದ ನಮ್ಮ ಮೈಸೂರು ಯುದ್ಧರಾಕೆಟ್ಟಿನ ಬಾಲ ಬಿದಿರಿನದು. ಬಿದಿರು ಮಣ್ಣಾಗುತ್ತದೆ, ಕಬ್ಬಿಣದ ಕೊಳವೆ ಮಾತ್ರ ಉಳಿಯುತ್ತದೆ. 2002ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ ಅಂಥ ಸುಮಾರು 160 ಕೊಳವೆ ಸಿಕ್ಕವು. ಅವು ರಾಕೆಟ್ಟುಗಳೆಂದು ತಿಳಿಯಲು ವರ್ಷಗಳೇ ಹಿಡಿದವು. 2018ರ ಜುಲೈಯಲ್ಲಿ ಅಲ್ಲಿನ ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಬಂದವು.

ನಮ್ಮ ಮೇಷ್ಟ್ರು ಒಂದು ದೀಪಾವಳಿಗೆ ನಮ್ಮ ರಾಕೆಟ್ಟಿನ ಕಡ್ಡಿ ಕಿತ್ತು, ನಮ್ಮನ್ನು ದೂರ ನಿಲ್ಲಿಸಿ, ಹಚ್ಚಿ ತೋರಿಸಿದ್ದರು. ಅದು ನೆಲದ ಮೇಲೆ ಹುಚ್ಚೆದ್ದು ಸುತ್ತಿತು. "ಬಾಣಬಿರುಸು ಅಂತೀರಲ್ಲ, ಅದನ್ನ ಬಾಣ ಮಾಡೋದು ಕಡ್ಡಿ ಕಣ್ರೋ" ಎಂದರು. ನಗರದ ಕೊಳವೆಗಳ ಚಿತ್ರ ನೋಡಿದಾಗ ನನಗೆ ಮೊದಲು ಕೇಳಿಸಿದ್ದು ಆ ದನಿ.

ಪೊಳ್ಳಿಲೂರು, ಶ್ರೀರಂಗಪಟ್ಟಣದ ಯುದ್ಧಗಳಲ್ಲಿ ಈ ಬಾಣಗಳು ಇಂಗ್ಲಿಷರ ಮೇಲೆ ಹಾರಿದ್ದು ನಿಮಗೆ ಗೊತ್ತೇ ಇದೆ. ಕಬ್ಬಿಣದ ಕೊಳವೆ ಹೆಚ್ಚು ಒತ್ತಡ ತಡೆದದ್ದರಿಂದ ನಮ್ಮ ಬಾಣ ದೂರ ಹೋಯಿತೆಂದು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲೇ ವಿವರಿಸಿದ್ದಾರೆ. ಆ ಬಾಣಗಳನ್ನು ನೋಡಿ ಕಲಿತ ಇಂಗ್ಲಿಷರು 1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರಿನ ಮೇಲೆ ದೋಣಿಗಳಿಂದ ರಾಕೆಟ್ ಹಾರಿಸಿದರು.

ಇದಕ್ಕೆಲ್ಲ ನನ್ನ ಆಕ್ಷೇಪವಿಲ್ಲ, ನನ್ನ ತಕರಾರು ಬೇರೆ ಕಡೆ ಇದೆ. 2018ರ ಪತ್ರಿಕೆಗಳು ಕೊಳವೆಯೊಳಗಿನ ಮದ್ದಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು, ಮೆಗ್ನೀಸಿಯಂ ಪುಡಿ ಇವೆ ಎಂದು ಬರೆದವು. ರಸಾಯನವಿಜ್ಞಾನಿ ಹಂಫ್ರಿ ಡೇವಿ ಮೆಗ್ನೀಸಿಯಂ ಲೋಹವನ್ನು ಬೇರ್ಪಡಿಸಿದ್ದು 1808ರಲ್ಲಿ. ಟಿಪ್ಪು ಮಡಿದದ್ದು 1799ರಲ್ಲಿ. ಆ ಲೋಹದ ಪುಡಿ ಟಿಪ್ಪುವಿನ ಮದ್ದಿನ ಮನೆಗೆ ಬರುವುದು ಹೇಗೆ? ಮದ್ದಿಗೆ ಬೇಕಾದ ಗಂಧಕವಾದರೋ ಆ ಪಟ್ಟಿಯಲ್ಲೇ ಇಲ್ಲ. ಇನ್ನೂರು ವರ್ಷ ಕೆಸರಲ್ಲಿದ್ದ ಕೊಳವೆಗೆ ಬಾವಿನೀರಿನ ಮೆಗ್ನೀಸಿಯಂ ಲವಣ ಇಳಿದಿರಬಹುದೆಂಬುದು ನನ್ನ ಊಹೆ. ಲವಣ ಬೇರೆ, ಲೋಹದ ಪುಡಿ ಬೇರೆ. ವರದಿಯ ಒಂದು ಪದ ತಪ್ಪಿದರೆ ಕಾಲವೇ ತಪ್ಪುತ್ತದೆ.

ನಗರದ ಕೊಳವೆಗಳು ರಾಕೆಟ್ಟುಗಳೇ ಎಂದು ನಾನು ನಂಬಿದ್ದೇನೆ. ಆದರೆ ಯಾರವು? 1763ರಲ್ಲಿ ಹೈದರ್ ನಗರದ ಕೋಟೆ ಗೆದ್ದ. 1783ರಲ್ಲಿ ಇಂಗ್ಲಿಷರು ಹಿಡಿದರು, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದ. ವೈರಿಯ ಕೈಗೆ ಸಿಗದಿರಲೆಂದು ನಮ್ಮವರು ಬಾವಿಗೆ ಇಳಿಸಿದರೇ, ಗೆದ್ದವರು ತಂದು ಸುರಿದರೇ? ಮದ್ದನ್ನು ಮತ್ತೊಮ್ಮೆ ಪರೀಕ್ಷಿಸಬೇಕಾದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆ ಸಂಗ್ರಹಾಲಯದಲ್ಲಿರುವ ಒಂದು ಕೊಳವೆಯನ್ನು ಸೀಳಬೇಕಾದೀತು. ಸಾವಿರದಲ್ಲಿ ಒಂದನ್ನು ಕಳೆದುಕೊಳ್ಳಲು ನೀವು ಒಪ್ಪುತ್ತೀರಾ? ಆ ಗರಗಸ ನನ್ನ ಕೈಗೇ ಕೊಟ್ಟರೆ ನಾನು ಒಪ್ಪುತ್ತೇನೆಯೇ?