ಹೆಂಗಸರು ಉಳಿಸಿದ ಕೋಟೆ



ಇವತ್ತು ನಾವು ಜರ್ಮನಿ ದೇಶದ ಕೋಟೆಯೊಂದನ್ನು ಮಾತಿನಲ್ಲೇ ನೋಡಿ ಬರೋಣ. ನೆಕ್ಕರ್ ನದಿಯ ಹತ್ತಿರ ವೈನ್ಸ್‌ಬರ್ಗ್ ಅಂತ ಊರಿದೆ. ಅಲ್ಲಿ ಗುಡ್ಡದ ಸುತ್ತ ದ್ರಾಕ್ಷಿ ತೋಟ. ತುದಿಯಲ್ಲಿ ಹಾಳು ಕೋಟೆ.

1140ರಲ್ಲಿ ರಾಜ ಕೊನ್ರಾಡ್ ಈ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿನವರು ಸೋತರು. ಮುಂದಿನದನ್ನು ಹಳೆಯ ಚರಿತ್ರೆ ಹೀಗೆ ಹೇಳುತ್ತದೆ. ಹೆಂಗಸರು ಹೊರಗೆ ಹೋಗಬಹುದು, ಹೆಗಲ ಮೇಲೆ ಹೊರುವಷ್ಟು ಒಯ್ಯಬಹುದು ಅಂದ ರಾಜ. ಅವರು ಪಾತ್ರೆ, ಪೆಟ್ಟಿಗೆ ಎಲ್ಲ ಬಿಟ್ಟರು. ಗಂಡಂದಿರನ್ನೇ ಹೊತ್ತು ಇಳಿದರು! ರಾಜ ಮಾತಿಗೆ ತಪ್ಪಲಿಲ್ಲ.

1525ರ ರೈತರ ದಂಗೆಯಲ್ಲಿ ಕೋಟೆ ಹಾಳಾಯಿತು. ಜನ ಕಲ್ಲು ಕಿತ್ತೊಯ್ದರು. ಸುಮಾರು 200 ವರ್ಷದ ಹಿಂದೆ ಕೆರ್ನರ್ ಎಂಬ ವೈದ್ಯರು ಮುಂದೆ ನಿಂತರು. ಊರ ಹೆಂಗಸರ ಸಂಘ ಹುಟ್ಟಿತು. ಉಳಿದ ಗೋಡೆಗಳನ್ನು ಕಾಪಾಡಿತು.

ಆ ಕೋಟೆಗೆ 'ಹೆಂಗಸರ ನಿಷ್ಠೆ' ಅಂತಲೇ ಹೆಸರು.