ರುಮಾಲೆ ನಿಂತು ನೋಡಿದ ಮರಗಳು

 

ಹೋದ ವರ್ಷ ನಮ್ಮ ಓಣಿಯ ದೊಡ್ಡ ಬೇವಿನ ಮರ ಕಡಿದರು. ರಸ್ತೆ ಅಗಲ ಮಾಡೋದಿತ್ತು. ಅದರ ಫೋಟೊ ಇರ್ತದ ಅಂತ ಫೋನ್ ಪೂರ್ತಿ ಹುಡುಕಿದೆ. ಸಿಕ್ಕಿದ್ದು ಒಂದೇ, ಗೆಳೆಯನ ಹೊಸ ಬೈಕಿನ ಹಿಂದೆ ಅರ್ಧ ಕಾಂಡ. ಅದರ ನೆರಳಿನ್ಯಾಗೇ ಆಡಿ ಬೆಳೆದೀನಿ, ಆದರೆ ಒಂದು ಸಲನೂ ಅದನ್ನ ನಿಂತು ನೋಡಿಲ್ಲ.

ಅದಕ್ಕೇ ಇವತ್ತು, ಮರದ ಮುಂದೆ ನಿಂತು ನೋಡೋದನ್ನೇ ಬದುಕು ಮಾಡಿಕೊಂಡ ಒಬ್ಬರ ಕಥೆ. ಅವರ ಹೆಸರು ರುಮಾಲೆ ಚನ್ನಬಸವಯ್ಯ.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದರು. ಚಿತ್ರಕಲೆ ಕಲಿಯೋ ವಯಸ್ಸಿನಲ್ಲೇ ಸ್ವಾತಂತ್ರ್ಯ ಚಳವಳಿ ಕರೆಯಿತು, ಹೋದರು. ಸೇವಾದಳ, ಜೈಲು, ಗಾಂಧಿ ದಾರಿ. ಸ್ವಾತಂತ್ರ್ಯ ಬಂದ ಮೇಲೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ ಸದಸ್ಯರೂ ಆದರು. ಅಲ್ಲೇ ಇದ್ದು ಮೇಲೆ ಏರಬಹುದಿತ್ತು. ಆದರೆ ಐವತ್ತು ದಾಟಿದ ಮೇಲೆ ರಾಜಕೀಯ ಬಿಟ್ಟು ಮತ್ತೆ ಕುಂಚ ಹಿಡಿದರು. ಇಪ್ಪತ್ತೈದಕ್ಕೇ ‘ಇನ್ನ ಲೇಟಾಯ್ತು’ ಅನ್ನೋ ನಾವು ಇದನ್ನ ಸ್ವಲ್ಪ ಯೋಚಿಸಬೇಕು.

ಅವರು ಫೋಟೊ ನೋಡಿ ಚಿತ್ರ ಬಿಡಿಸಲಿಲ್ಲ. ಬಣ್ಣ, ಕ್ಯಾನ್ವಾಸ್ ಹೊತ್ತು ಮರ ಇದ್ದಲ್ಲಿಗೇ ಹೋದರು. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಬೆಂಗಳೂರಿನ ರಸ್ತೆಗಳು. ಗುಲ್‌ಮೊಹರ್, ಜಕರಂಡ, ಹಳದಿ ಹೂವಿನ ಟಬೂಬಿಯಾ. ತೈಲವರ್ಣದ ಚಿತ್ರಗಳಲ್ಲಿ ಸಣ್ಣ ಸಣ್ಣ ಗೀಟು, ದಪ್ಪ ಬಣ್ಣ. ನೋಡಿದ ಕೂಡಲೇ ವ್ಯಾನ್ ಗೋ ನೆನಪಾಗ್ತಾರೆ. ಪೋಸ್ಟ್-ಇಂಪ್ರೆಷನಿಸಂ ಅಂದರೆ ಭಾಳ ಸರಳವಾಗಿ ಹೇಳ್ತೀನಿ: ಮರ ಹೆಂಗದ ಅನ್ನೋದಷ್ಟೇ ಅಲ್ಲ, ಅದನ್ನ ನೋಡಿದವನಿಗೆ ಏನಾಯ್ತು ಅನ್ನೋದೂ ಬಣ್ಣದಲ್ಲಿ ಬರಬೇಕು.

ಇಲ್ಲೊಂದು ಮಜಾ ಸಂಗತಿ ಅದ. ಬೆಂಗಳೂರಿನ ಆ ಹೂಮರಗಳ ಹಿಂದೆ ಒಬ್ಬ ಜರ್ಮನ್ ಇದ್ದ. ಗುಸ್ತಾವ್ ಹರ್ಮನ್ ಕ್ರುಂಬಿಗಲ್. 1865ರಲ್ಲಿ ಡ್ರೆಸ್ಡನ್ ಹತ್ತಿರ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಕ್ಕೆ ಬಂದು, 1908ರಲ್ಲಿ ಲಾಲ್‌ಬಾಗ್‌ಗೆ ಬಂದರು. ಒಂದು ಜಾತಿಯ ಮರ ಹೂ ಉದುರಿಸೋ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿ ಇನ್ನೊಂದು ಜಾತಿ ಅರಳಬೇಕು, ವರ್ಷ ಪೂರ್ತಿ ಊರು ಹೂವಾಗಿರಬೇಕು ಅನ್ನೋದು ಅವರ ಲೆಕ್ಕ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಜರ್ಮನ್ ಯೋಜಿಸಿದ ಹೂವಿನ ಊರನ್ನ ಕನ್ನಡಿಗ ಬಣ್ಣದಲ್ಲಿ ಉಳಿಸಿದ.

ರುಮಾಲೆ 1988ರಲ್ಲಿ ಹೋದರು. ಆಮೇಲೆ ರಸ್ತೆ ಅಗಲ ಆದವು, ಫ್ಲೈಓವರ್ ಬಂದವು, ಮೆಟ್ರೊ ಬಂತು. ಎಷ್ಟೋ ಮರ ಉರುಳಿದವು. ಟೆಂಡರ್ ಕಾಗದದಲ್ಲಿ ಮರ ಅಂದರೆ ಒಂದು ನಂಬರ್. ಅವರ ಚಿತ್ರದಲ್ಲಿ ಒಂದೊಂದು ಮರಕ್ಕೂ ತನ್ನದೇ ಬಿಸಿಲು, ತನ್ನದೇ ನೆರಳು ಅದ.

ಬಣ್ಣ ನಮ್ಮ ಕಡೆಗೆ ಹೊಸದೇನಲ್ಲ. ಬೀದರ್ ಕೋಟೆಯೊಳಗೆ ರಂಗೀನ್ ಮಹಲ್ ಅದ. ಅಷ್ಟೂರಿನ ಅಹ್ಮದ್ ಶಾ ವಲಿ ಗುಮ್ಮಟದ ಒಳಗೆ ತಲೆ ಎತ್ತಿದರೆ ಬಹಮನಿ ಕಾಲದ ಚಿತ್ತಾರ ಕಾಣ್ತದ. ಸಂಜಿಗೆ ಕೋಟೆಯ ಕೆಂಪು ಕಲ್ಲಿನ ಮ್ಯಾಲ ಬಿಸಿಲು ಬಿದ್ದಾಗ ಅದು ಬರೀ ಕೆಂಪಲ್ಲ, ಒಮ್ಮೆ ಕೇಸರಿ, ಒಮ್ಮೆ ನೇರಳೆ. ಮಾರ್ಚ್ ಹೊತ್ತಿಗೆ ಔರಾದ್ ಕಡೆ ಮುತ್ತುಗ ಎಲೆ ಉದುರಿಸಿ ಬೆಂಕಿ ಹಂಗ ಹೂ ಬಿಡ್ತದ.

ಒಂದು ಕೆಲಸ ಮಾಡ್ರಿ. ನೀವು ದಿನಾ ದಾಟೋ ಒಂದು ಮರ ಆರಿಸ್ಕೊಳ್ರಿ. ಫೋನ್ ಜೇಬಿನ್ಯಾಗ ಇಟ್ಟು ಹತ್ತು ನಿಮಿಷ ಅದರ ಮುಂದೆ ನಿಲ್ರಿ. ಆಮೇಲೆ ಪೆನ್ಸಿಲ್ ತಗೊಳ್ರಿ. ಚಂದ ಬರಲಿಲ್ಲಂದ್ರೂ ನಡೀತದ. ನನಗ ನಮ್ಮ ಬೇವಿನ ಮರದ ಕೊಂಬೆ ಯಾವ ಕಡೆ ಬಾಗಿತ್ತು ಅನ್ನೋದೇ ಈಗ ನೆನಪಿಲ್ಲ. ನಿಮಗ ಹಂಗಾಗೋದು ಬ್ಯಾಡ.

ಮುಂದಿನ ವಾರ ಸಿಗೋಣ್ರೀ.